ಎಲೆಕ್ಟ್ರಾನ್‌ಗಳ ಪ್ರದಕ್ಷಿಣೆ

ನಮ್ಮ ಲ್ಯಾಬಿನ ಫಂಕ್ಷನ್ ಜನರೇಟರ್ ಎಲ್ಲರಿಗೂ ಗೊತ್ತು. ಕೆಲವು ವೋಲ್ಟ್, ಒಂದೆರಡು ಮೆಗಾಹರ್ಟ್ಸ್ ಸೈನ್ ವೇವ್ ಕೊಡುತ್ತೆ. ನಾವು ರೀಡಿಂಗ್ ಬರ್ಕೊಂಡು, ಸಹಿ ಹಾಕಿಸ್ಕೊಂಡು ಹೊರಡ್ತೀವಿ. ಇಟಲಿಯ ಮಿಲಾನ್ ವಿಶ್ವವಿದ್ಯಾಲಯದ ಎಲ್‌ಟ್ರ್ಯಾಪ್ ಎಂಬ ಉಪಕರಣದಲ್ಲಿ ಹೆಚ್ಚುಕಡಿಮೆ ಇಂಥದೇ ಸಿಗ್ನಲ್‌ನಿಂದ ಪ್ಲಾಸ್ಮಾ ಹುಟ್ಟಿಸಿದ್ದಾರೆ ಅಂತ ಓದಿದಾಗ ನನಗೆ ನಂಬೋಕೇ ಆಗಲಿಲ್ಲ. ಅದೂ ಬರೀ ಎಲೆಕ್ಟ್ರಾನ್‌ಗಳ ಪ್ಲಾಸ್ಮಾ.

ಈ ಸೆಮಿಸ್ಟರಿನ ಸೆಮಿನಾರಿಗೆ ಇದನ್ನೇ ಆರಿಸಿಕೊಂಡೆ. ಎಲ್‌ಕೆಜಿಯಿಂದಲೂ ನನ್ನದು ಇಂಗ್ಲಿಷ್ ಮೀಡಿಯಂ, ಹಾಗಾಗಿ ಸ್ಲೈಡ್ ಬೇಗ ಮುಗೀತು. ಹಿಂದಿನ ರಾತ್ರಿ ರೂಮ್‌ಮೇಟ್ ಮುಂದೆ ಒಂದು ಸಲ ಹೇಳಿ ನೋಡೋಣ ಅಂತ ಕೂತೆ. ಅವಳದ್ದು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. "ಕನ್ನಡದಲ್ಲೇ ಹೇಳೇ, ನಾನು ಮಧ್ಯೆ ಮಧ್ಯೆ ಕೇಳ್ತೀನಿ" ಅಂದಳು.

ಮೊದಲು ಎಲೆಕ್ಟ್ರಾನ್‌ಗಳನ್ನ ಹಿಡಿದಿಡೋದು ಹೇಗೆ ಅಂತ ಹೇಳಿದೆ. ಜಾನ್ ಮಾಲ್ಮ್‌ಬರ್ಗ್ ಎಂಬ ವಿಜ್ಞಾನಿ 1970ರ ದಶಕದಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಇದಕ್ಕೊಂದು ಟ್ರ್ಯಾಪ್ ಕಟ್ಟಿದರು. ಗಾಳಿಯನ್ನೆಲ್ಲ ಹೀರಿ ತೆಗೆದ ಕೊಳವೆ, ಅದರೊಳಗೆ ಬಳೆಗಳ ಸಾಲಿನ ಹಾಗೆ ಲೋಹದ ಸಿಲಿಂಡರ್‌ಗಳು. ಎರಡೂ ತುದಿಯ ಸಿಲಿಂಡರ್‌ಗಳಿಗೆ ನೆಗೆಟಿವ್ ವೋಲ್ಟೇಜ್ ಕೊಟ್ಟರೆ ಎಲೆಕ್ಟ್ರಾನ್ ಅಲ್ಲಿಂದ ವಾಪಸ್ ತಿರುಗುತ್ತೆ. ಉದ್ದಕ್ಕೂ ಇರುವ ಕಾಂತಕ್ಷೇತ್ರ ಅದನ್ನ ಗೋಡೆ ಕಡೆ ಹೋಗೋಕೆ ಬಿಡಲ್ಲ.

ಈಗ ಒಂದು ಸಿಲಿಂಡರ್‌ಗೆ ರೇಡಿಯೋ ತರಂಗಾಂತರದ ಸಿಗ್ನಲ್ ಕೊಡಿ. ಅತ್ತಿಂದಿತ್ತ ಓಡಾಡೋ ಬಿಡಿ ಎಲೆಕ್ಟ್ರಾನ್ ಪ್ರತಿ ಸಲ ಅದರ ಮುಂದೆ ಹೋಗುವಾಗ ಒಮ್ಮೆ ಸ್ವಲ್ಪ ಶಕ್ತಿ ಪಡೆಯುತ್ತೆ, ಒಮ್ಮೆ ಕಳ್ಕೊಳ್ಳುತ್ತೆ. ಹೀಗೇ ಏರಿಳಿಯುತ್ತಾ ಕೆಲವಕ್ಕೆ ಸಾಕಷ್ಟು ಶಕ್ತಿ ಕೂಡುತ್ತೆ. ಒಳಗೆ ಉಳಿದ ಹೈಡ್ರೋಜನ್ ಅಣುವಿನಿಂದ ಒಂದು ಎಲೆಕ್ಟ್ರಾನ್ ಕಿತ್ತು ಹಾಕೋಕೆ ಸುಮಾರು 15.4 ಎಲೆಕ್ಟ್ರಾನ್ ವೋಲ್ಟ್ ಬೇಕು. ಅಷ್ಟು ಕೂಡಿದರೆ ಒಂದು ಎರಡಾಗುತ್ತೆ, ಎರಡು ನಾಲ್ಕಾಗುತ್ತೆ. ಹೊಸ ಎಲೆಕ್ಟ್ರಾನ್ ಒಳಗೇ ಸಿಕ್ಕಿಬೀಳುತ್ತೆ. ಪಾಸಿಟಿವ್ ಅಯಾನ್‌ಗೆ ತುದಿಯ ನೆಗೆಟಿವ್ ವೋಲ್ಟೇಜೇ ಬಾಗಿಲು, ಅದು ನಿಧಾನಕ್ಕೆ ಹೊರಗೆ ಹೋಗುತ್ತೆ.

ಮುಂದಿನ ಸ್ಲೈಡ್: "ಅಸ್ಥಿರತೆ ಬೆಳೆಯುತ್ತದೆ." ಅವಳು ತಕ್ಷಣ, "ಅಂದ್ರೆ ಏನು ಬೆಳೆಯೋದು?" ಅಂದಳು.

ಇಂಗ್ಲಿಷಿನಲ್ಲಿ ಆ ಒಂದು ಪದ ಹೇಳಿದ್ರೆ ಎಲ್ಲರೂ ತಲೆ ಆಡಿಸ್ತಾರೆ. ಕನ್ನಡದಲ್ಲಿ ಯಾವುದು, ಎಲ್ಲಿ, ಯಾಕೆ ಅಂತ ಬಿಡಿಸಿ ಹೇಳಬೇಕಾಯ್ತು. ಎಲೆಕ್ಟ್ರಾನ್‌ಗಳೆಲ್ಲ ಸೇರಿ ಒಂದು ಕಂಬದ ಹಾಗೆ ನಿಂತಿರುತ್ತವೆ. ಆ ಕಂಬ ನಡುವಿನಿಂದ ಚೂರು ಸರಿದರೆ ಗೋಡೆಯಲ್ಲಿ ಎದುರು ಚಾರ್ಜ್ ಮೂಡಿ ಅದನ್ನ ಎಳೆಯುತ್ತೆ. ಆದರೆ ಕಾಂತಕ್ಷೇತ್ರದಲ್ಲಿ ಎಳೆದ ಕಡೆಗೆ ಹೋಗೋಕಾಗಲ್ಲ, ಅಡ್ಡಕ್ಕೆ ಸರಿಯುತ್ತೆ. ಹಾಗಾಗಿ ಇಡೀ ಕಂಬ ನಡುವಿನ ಸುತ್ತ ಪ್ರದಕ್ಷಿಣೆ ಹಾಕುತ್ತೆ. ಇದಕ್ಕೆ ಡಯೋಕೊಟ್ರಾನ್ ಮೋಡ್ ಅಂತಾರೆ. ಬೆಳೆಯೋದು ಈ ಪ್ರದಕ್ಷಿಣೆಯ ಸುತ್ತು. ಹೊರಗೆ ಹೋಗೋ ಅಯಾನ್‌ಗಳು ಅದನ್ನ ಇನ್ನೂ ಹಿಗ್ಗಿಸುತ್ತವೆ. ಕೊನೆಗೆ ಕಂಬ ಗೋಡೆಗೆ ತಾಗಿದರೆ ಕಥೆ ಮುಗೀತು. ಪ್ಲಾಸ್ಮಾ ಹುಟ್ಟಿಸಿದ ಸಿಗ್ನಲ್ಲೇ ಅದನ್ನ ಕೆಡಿಸೋ ಅಯಾನ್‌ಗಳನ್ನೂ ಹುಟ್ಟಿಸುತ್ತೆ!

"ಹಾಗಾದ್ರೆ ಗೋಡೆಯ ಒಂದು ತುಂಡಿಗೆ ರೆಸಿಸ್ಟರ್ ಹಾಕು. ಶಕ್ತಿ ಬಿಸಿಯಾಗಿ ಹೋಗುತ್ತೆ, ಸುಮ್ಮನಾಗುತ್ತೆ" ಅಂದಳು. ನಾವು ಸರ್ಕ್ಯೂಟ್ ಕ್ಲಾಸಿನಲ್ಲಿ ಕಲಿತಿರೋದೂ ಅದೇ ತಾನೇ. ಆದರೆ ಇಲ್ಲಿ ಉಲ್ಟಾ. ಮಾಲ್ಮ್‌ಬರ್ಗ್ ತಂಡ ರೆಸಿಸ್ಟರ್ ಹಾಕಿ ನೋಡಿದಾಗ ಸುತ್ತು ಇನ್ನೂ ದೊಡ್ಡದಾಯ್ತು. ಯಾಕಂದ್ರೆ ಕಂಬ ಗೋಡೆಗೆ ಹತ್ತಿರವಾದಷ್ಟೂ ಅದರ ಶಕ್ತಿ ಕಡಿಮೆ. ಶಕ್ತಿ ತೆಗೆದಷ್ಟೂ ಅದು ಗೋಡೆ ಕಡೆಗೇ ಜಾರುತ್ತೆ.

ಅವಳು ಅಣ್ಣಂದಿರ ಜೊತೆ ಬುಗುರಿ ಆಡಿ ಬೆಳೆದವಳು. "ಬುಗುರಿ ಥರ. ವೇಗ ಕಳ್ಕೊಂಡಾಗ ತೂಗಾಟ ಜಾಸ್ತಿಯಾಗಿ ಬೀಳುತ್ತಲ್ಲ" ಅಂದಳು. ಹೋಲಿಕೆ ಪೂರ್ತಿ ಸರಿಹೊಂದಲ್ಲ, ಆದರೆ ತಿರುಳು ಅದೇ. ಒಂದು ನಿಮಿಷ ಸುಮ್ಮನಿದ್ದು, "ಹಾಗಿದ್ರೆ ತೆಗೆಯೋದಲ್ಲ, ನಾವೇ ಶಕ್ತಿ ಕೊಡಬೇಕು. ಸರಿಯಾದ ಹೊತ್ತಿಗೆ" ಅಂದಳು.

ಅದು ನನ್ನ ಕೊನೆಯ ಸ್ಲೈಡು! ಗೋಡೆಯ ಒಂದು ತುಂಡಿನಿಂದ ಸಿಗ್ನಲ್ ತಗೊಂಡು, ಆಂಪ್ಲಿಫೈ ಮಾಡಿ, ಫೇಸ್ ಸರಿಹೊಂದಿಸಿ ಇನ್ನೊಂದು ತುಂಡಿಗೆ ಕೊಟ್ಟರೆ ಕಂಬ ನಡುವಿಗೆ ವಾಪಸ್ ಬರುತ್ತೆ. ಫೀಡ್‌ಬ್ಯಾಕ್ ಅನ್ನೋ ಪದ ನಾನು ಹೇಳೋ ಮೊದಲೇ ಅವಳು ಅಲ್ಲಿಗೆ ತಲುಪಿದ್ದಳು.

ಮರುದಿನ ಸೆಮಿನಾರ್ ಚೆನ್ನಾಗೇ ಆಯ್ತು. "ಎನಿ ಕ್ವೆಶ್ಚನ್ಸ್?" ಅಂದಾಗ ಇಡೀ ಕ್ಲಾಸ್ ಸುಮ್ಮನಿತ್ತು. ಅವಳೂ ಸುಮ್ಮನಿದ್ದಳು. ಹೊರಗೆ ಬಂದಮೇಲೆ ಕೇಳಿದೆ. ರೇಡಿಯೋ ಸಿಗ್ನಲ್ ನಿಲ್ಲಿಸಿದರೆ ಅಯಾನ್ ಹುಟ್ಟೋದೂ ಕಡಿಮೆಯಾಗಿ ಕಂಬ ಹೆಚ್ಚು ಹೊತ್ತು ಉಳಿಯುತ್ತಾ ಅನ್ನೋ ಹೊಸ ಪ್ರಶ್ನೆ ಅವಳ ಹತ್ತಿರ ಇತ್ತಂತೆ. "ಇಂಗ್ಲಿಷಲ್ಲಿ ಜೋಡಿಸ್ಕೊಳ್ಳೋಷ್ಟರಲ್ಲಿ ಚಪ್ಪಾಳೆ ಹೊಡೆದುಬಿಟ್ರು" ಅಂದಳು.

ಈ ಕ್ಷೇತ್ರ ನಮಗೆ ದೂರದ್ದೇನಲ್ಲ. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ (ಮೆಜೆಸ್ಟಿಕ್ ಪಕ್ಕದ್ದಲ್ಲ, ಗುಜರಾತಿನದು) ಸ್ಮಾರ್ಟೆಕ್ಸ್-ಸಿ ಅನ್ನೋ ಪ್ರಯೋಗವಿದೆ. ಅಲ್ಲಿ ಎಲೆಕ್ಟ್ರಾನ್‌ಗಳನ್ನ ಹಿಡಿಯೋ ಜಾಗ ಒಂದು ಕಡೆ ಕಚ್ಚಿದ ಉದ್ದಿನ ವಡೆಯ ಆಕಾರದ್ದು. ಅಂಥ ಲ್ಯಾಬಿಗೆ ಬೇಕಾಗಿರೋದು ಅವಳ ಹಾಗೆ ಕೇಳೋರು.

ಹಾಗಾಗಿ ಮುಂದೆ ಸೆಮಿನಾರ್ ಕೊಡೋರಿಗೆ ಒಂದೇ ವಿನಂತಿ. ಕೊನೆಯ ಸ್ಲೈಡಿನಲ್ಲಿ ಥ್ಯಾಂಕ್ ಯೂ ಕೆಳಗೆ ಇನ್ನೊಂದು ಸಾಲು ಹಾಕಿ: "ಪ್ರಶ್ನೆ ಕನ್ನಡದಲ್ಲೂ ಕೇಳಬಹುದು." ಆಮೇಲೆ ಚಪ್ಪಾಳೆಗೆ ಮೊದಲು ಒಂದು ನಿಮಿಷ ಕಾಯಿರಿ.