ಟಾಂಕಿಗೂ ಒಂದು ಹೊಟ್ಟೆ

ನಮ್ಮ ಹಟ್ಟಿಯಲ್ಲಿ ಆರು ದನಗಳಿದ್ದ ಕಾಲದಲ್ಲಿ ಅಪ್ಪ ಕಟ್ಟಿಸಿದ ಗೋಬರ್ ಗ್ಯಾಸ್ ಟಾಂಕಿ ಅದು. ಈಗ ಉಳಿದಿರುವುದು ಒಂದೇ ದನ. ಅದರ ಸೆಗಣಿಯಿಂದ ಬರುವ ಗ್ಯಾಸಿನಲ್ಲಿ ಬೆಳಗ್ಗಿನ ಚಹಾ ಕುದಿಯುವಷ್ಟರಲ್ಲಿ ಒಲೆ ಆರುತ್ತಿತ್ತು. "ಮುಚ್ಚಿಸಿಬಿಡಿ, ಸಿಲಿಂಡರ್ ಉಂಟಲ್ಲ" ಎಂದಳು ಮನೆಯವಳು. ನನಗೆ ಮನಸ್ಸು ಬರಲಿಲ್ಲ.

ಕಾಸರಗೋಡಿನ ಅಡಿಕೆ ತೋಟಗಳಲ್ಲಿ ಕೊಳೆಯುವ ವಸ್ತುವಿಗೆ ಬರವೇ? ಬಾಳೆದಿಂಡು, ಹಸಿಹುಲ್ಲು, ಮಳೆ ಹಿಡಿಯುವ ಹೊತ್ತಿಗೆ ಬಿದ್ದು ಹಾಳಾಗುವ ಹಲಸಿನ ಹಣ್ಣು. ದನ ತಿನ್ನುವುದನ್ನು ಟಾಂಕಿಯೇ ತಿನ್ನಲಿ ಎಂದು ಒಂದೇ ವಾರದಲ್ಲಿ ಹತ್ತು ಬುಟ್ಟಿ ಹಲಸು ಸುರಿದೆ. ಎರಡು ದಿನ ಗ್ಯಾಸ್ ಜೋರಾಗಿ ಬಂತು. ಆಮೇಲೆ ಗ್ಯಾಸ್ ಇದ್ದರೂ ಬೆಂಕಿ ಹಿಡಿಯದು. ಸ್ಲರಿಯಲ್ಲಿ ಹುಳಿ ವಾಸನೆ.

ಟಾಂಕಿಯೊಳಗೆ ಎರಡು ಬಗೆಯ ಸೂಕ್ಷ್ಮಾಣುಗಳ ಕೆಲಸ ನಡೆಯುತ್ತದೆ. ಒಂದು ಗುಂಪು ಸಿಹಿಯನ್ನೆಲ್ಲ ಬೇಗನೆ ಹುಳಿ ಮಾಡುತ್ತದೆ. ಇನ್ನೊಂದು ಗುಂಪು ಆ ಹುಳಿಯನ್ನು ನಿಧಾನವಾಗಿ ಉರಿಯುವ ಮೀಥೇನ್ ಆಗಿ ಮಾಡುತ್ತದೆ. ಹುಳಿ ಮಿತಿಮೀರಿದರೆ ಎರಡನೆಯ ಗುಂಪು ಸೋಲುತ್ತದೆ. ಬರುವುದು ಹೆಚ್ಚಾಗಿ ಉರಿಯದ ಇಂಗಾಲದ ಡೈಆಕ್ಸೈಡ್. ಇದನ್ನು ನಾನು ಆಮೇಲೆ ಓದಿ ತಿಳಿದೆ. ಅಮ್ಮ ಮೊದಲೇ ಹೇಳಿದ್ದಳು: "ಹೊಟ್ಟೆ ಕೆಟ್ಟವನಿಗೆ ಪುನಃ ಪುನಃ ಬಡಿಸುವುದುಂಟಾ ಮಗಾ? ಸ್ವಲ್ಪ ದಿನ ಉಪವಾಸ ಹಾಕು."

ಉಪವಾಸದ ಜೊತೆಗೆ ಹೊಸ ಸೆಗಣಿಯೂ ಬೇಕಿತ್ತು. ಅದು ಇದ್ದದ್ದು ಪಕ್ಕದ ತೋಟದ ಅಣ್ಣನಲ್ಲಿ. ತೋಡಿನ ನೀರಿನ ವಿಷಯದಲ್ಲಿ ಎರಡು ವರ್ಷದಿಂದ ನಮಗೆ ಮಾತಿಲ್ಲ. ಬಕೆಟ್ ಹಿಡಿದು ಅವರ ಅಂಗಳದಲ್ಲಿ ನಿಂತೆ. ಅವರು ನನ್ನನ್ನೂ ಬಕೆಟನ್ನೂ ನೋಡಿ, "ಸೆಗಣಿಗೆ ಎಂತ ಕೇಳುವುದು ಮಾರಾಯಾ, ತೆಗೊಂಡು ಹೋಗು" ಎಂದರು.

ದಿನಾ ಒಂದಿಷ್ಟು ಸೆಗಣಿ ಕಲಸಿ ಹಾಕುತ್ತಾ ಬಂದೆ. ಮೂರು ವಾರದ ಮೇಲೆ ನೀಲಿ ಬೆಂಕಿ ನಿಂತಿತು.

ಈಗ ಬಾಳೆದಿಂಡನ್ನು ಸಣ್ಣಗೆ ಕೊಚ್ಚಿ, ನಾಲ್ಕು ದಿನ ನೀರಿನಲ್ಲಿ ಕೊಳೆಸಿ, ಸೆಗಣಿಯೊಂದಿಗೆ ಕಲಸಿ ದಿನಕ್ಕೆ ಒಂದೇ ಬಕೆಟ್ ಹಾಕುತ್ತೇನೆ. ಹಲಸು ಒಂದೆರಡು ಹಿಡಿ ಮಾತ್ರ. ಸೋಗೆ, ಅಡಿಕೆ ಸಿಪ್ಪೆ ಹಾಕುವುದೇ ಇಲ್ಲ; ನಾರು ಬೇಗ ಕರಗದೆ ಮೇಲೆ ತೇಲಿ ಕೆನೆ ಕಟ್ಟುತ್ತದೆ. ಮಧ್ಯಾಹ್ನದ ಅನ್ನ, ಸಾಂಬಾರಿನವರೆಗೂ ಒಲೆ ಉರಿಯುತ್ತದೆ. ಸಿಲಿಂಡರ್ ಪೂರ್ತಿ ಬಿಟ್ಟಿಲ್ಲ, ಆದರೆ ಮುಚ್ಚಿಸುವ ಮಾತು ನಿಂತಿದೆ.

ಅಣ್ಣನ ತೋಟದ ಬಾಳೆದಿಂಡು ನನ್ನ ಟಾಂಕಿಗೆ ಬರುತ್ತದೆ, ಅರ್ಧ ಸ್ಲರಿ ಅವರ ಅಡಿಕೆ ಮರದ ಬುಡಕ್ಕೆ ಹೋಗುತ್ತದೆ. ತೋಡಿನ ತಕರಾರು ಇನ್ನೂ ಮುಗಿದಿಲ್ಲ. ಆದರೆ ಈಗ ಜಗಳವನ್ನೂ ಮಾತಾಡಿಯೇ ಮಾಡುತ್ತೇವೆ.