ಸವಳು ನೆಲವೂ ಮೂಲದ್ರವ್ಯಗಳ ಕೋಷ್ಟಕವೂ

ರಾಯಬಾಗ, ಅಥಣಿಗಳ ಕಡೆಗೆ ಕೃಷ್ಣೆಯ ದಂಡೆಯ ಎರೆಭೂಮಿಯನ್ನು ಕಂಡ ವಾಚಕರಿಗೆ ‘ಸವಳು’ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬಿನ ಆಸೆಗೆ ಮಿತಿಯಿಲ್ಲದೆ ನೀರು ಹಾಯಿಸಿದಲ್ಲಿ ಅಂತರ್ಜಲವು ಮೇಲೇರುವದು. ನೀರು ಆವಿಯಾಗಿ ಹೋಗಿ ಉಪ್ಪು ಉಳಿಯುವದು. ನನ್ನ ಸೋದರಮಾವನವರ ನಾಲ್ಕು ಎಕರೆಯು ಹೀಗೆಯೇ ಬಿಳಿಚಿಕೊಂಡಿತು. ಮಳೆ ಬಿದ್ದರೆ ಅಂಟು ರಾಡಿ, ಒಣಗಿದರೆ ಕಲ್ಲು, ಬೀಜವು ಮೊಳೆಯಲೊಲ್ಲದು. ಮಾರಿಬಿಡಿರೆಂದು ಊರವರು ಹೇಳತೊಡಗಿದಾಗ ಮಾವನವರು ನನ್ನನ್ನು ಕೇಳಿದರು: “ನೀ ರಸಾಯನಶಾಸ್ತ್ರ ಕಲಸ್ತೀಯಲ್ಲಪ್ಪಾ, ಈ ಮಣ್ಣಿಗೆ ಏನಾಗೇದ ಹೇಳು.”

ಉತ್ತರವು ಶಾಲೆಯ ಗೋಡೆಗೆ ತೂಗಹಾಕಿದ ಕೋಷ್ಟಕದಲ್ಲಿಯೇ ಇರುವದು. 1869ರಲ್ಲಿ ರಶಿಯದ ಮೆಂಡಲೀವ್ ಪಂಡಿತರು ಮೂಲದ್ರವ್ಯಗಳನ್ನು ಪರಮಾಣುಭಾರದ ಕ್ರಮದಿಂದ ಹೊಂದಿಸಿದರು. ಈಗಿನ ಕ್ರಮವು ಪರಮಾಣುಸಂಖ್ಯೆಯದು. ಅಡ್ಡಸಾಲಿನಲ್ಲಿ ಬಲಕ್ಕೆ ಸರಿದಂತೆ ನಡುಬೀಜದ ಸೆಳೆತವು ಹೆಚ್ಚಿ ಪರಮಾಣುವು ಕುಗ್ಗುವದು. ಕಂಬಸಾಲಿನಲ್ಲಿ ಕೆಳಗಿಳಿದಂತೆ ಪದರುಗಳು ಹೆಚ್ಚಿ ಹಿಗ್ಗುವದು. ನಮ್ಮ ಹುಡುಗರು ಇದನ್ನು ಮಗ್ಗಿಯಂತೆ ಒಪ್ಪಿಸುವರು. ಹೊಲಕ್ಕೂ ಇದಕ್ಕೂ ಏನು ಸಂಬಂಧವೆಂದು ಕೇಳುವವರು ಅಪರೂಪ.

ನಮ್ಮ ಹೊಲವನ್ನು ಕೆಡಿಸಿದ್ದು ಸೋಡಿಯಮ್. ಅದು ಮೊದಲನೆಯ ಕಂಬಸಾಲಿನದು, ಸಂಖ್ಯೆ 11. ಹೊರಪದರಿನ ಒಂದೇ ಇಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಟ್ಟು ಒಂದು ಧನವಿದ್ಯುದಂಶದ ಅಯಾನ್ ಆಗುವದು. ಕ್ಯಾಲ್ಸಿಯಮ್ ಎರಡನೆಯ ಕಂಬಸಾಲಿನಲ್ಲಿ ಒಂದು ಮೆಟ್ಟಿಲು ಕೆಳಗಿನದು, ಸಂಖ್ಯೆ 20; ಬಿಟ್ಟುಕೊಡುವದು ಎರಡನ್ನು. ಕೆಳಗಿಳಿದದ್ದಕ್ಕೆ ಹಿಗ್ಗಬೇಕು, ಬಲಕ್ಕೆ ಸರಿದದ್ದಕ್ಕೆ ಕುಗ್ಗಬೇಕು. ಎರಡೂ ಸರಿದೂಗಿ ಸೋಡಿಯಮ್ ಅಯಾನಿನ ತ್ರಿಜ್ಯವು 102 ಪಿಕೋಮೀಟರ್, ಕ್ಯಾಲ್ಸಿಯಮ್ಮಿನದು 100. ಗಾತ್ರ ಹೆಚ್ಚುಕಡಿಮೆ ಒಂದೇ, ವಿದ್ಯುದಂಶ ಮಾತ್ರ ಇಮ್ಮಡಿ! ಎರೆಮಣ್ಣಿನ ಕಣಗಳು ಋಣವಿದ್ಯುತ್ತುಳ್ಳವು. ಕ್ಯಾಲ್ಸಿಯಮ್ ಅವುಗಳನ್ನು ಬಿಗಿಯಾಗಿ ಹಿಡಿದು ಸಣ್ಣ ಹೆಂಟೆಗಳಾಗಿಸುವದು. ಹೆಂಟೆಗಳ ನಡುವೆ ನೀರೂ ಗಾಳಿಯೂ ಆಡುವವು. ಸೋಡಿಯಮ್ಮಿನ ಹಿಡಿತ ಸಡಿಲು. ಅದು ನೀರಿನ ಕವಚವನ್ನು ಹೊದ್ದು ಕಣಗಳನ್ನು ದೂರವಿಡುವದು. ಬಿಡಿಯಾದ ಕಣಗಳು ಸಂದುಗಳನ್ನೆಲ್ಲ ಮುಚ್ಚುವವು. (ಅದೇ ಕಂಬಸಾಲಿನಲ್ಲಿ ಅದರ ಕೆಳಗಿರುವ ಪೊಟ್ಯಾಸಿಯಮ್ ನಿಪ್ಪಾಣಿಯ ತಂಬಾಕಿನ ಎಲೆ ಚೆನ್ನಾಗಿ ಉರಿಯುವದಕ್ಕೆ ಬೇಕಾದದ್ದು. ಒಂದೇ ಮನೆತನದವರಾದರೂ ಗುಣ ಬೇರೆ.)

ಆದುದರಿಂದ ಜಿಪ್ಸಮ್ ಹಾಕಿರೆಂದೆನು. ಅದರ ಕ್ಯಾಲ್ಸಿಯಮ್ ಮಣ್ಣಿನ ಕಣಗಳಿಂದ ಸೋಡಿಯಮ್ಮನ್ನು ಕದಲಿಸುವದು. ಆದರೆ ಕದಲಿದ್ದು ನೀರಿನೊಡನೆ ಹೊಲ ಬಿಟ್ಟು ಹೋಗಬೇಕು. ಬಸಿಗಾಲುವೆಯಿಲ್ಲದೆ ಎಷ್ಟು ಚೀಲ ಸುರಿದರೂ ವ್ಯರ್ಥ. ಮಾವನವರು ಬಹಳ ಹೊತ್ತು ಸುಮ್ಮನಿದ್ದು, “ಕಾಲುವೆ ನೀರು ಕೆಳಗಿನವರ ಹೊಲಕ್ಕ ಹೊಕ್ಕೇತಲ್ಲೋ” ಎಂದರು. ಕೋಷ್ಟಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಹಳ್ಳದವರೆಗೆ ಕಾಲುವೆ ತೋಡಲು ಕೆಳಗಿನ ಮೂವರ ಒಪ್ಪಿಗೆ ಬೇಕು, ಇಬ್ಬರು ಒಪ್ಪಿರುವರು.