ಚಕ್ರದ ಸಮತೂಕ

ಒಂದು ಕಾಲಕ್ಕೆ ನಮ್ಮ ಒಕ್ಕಲು ಮನೆಗಳ ಮುಂದೆ ಎತ್ತಿನ ಬಂಡಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಮೋಟಾರ್ ಸೈಕಲ್ಲು ನಿಂತಿದೆ. ಸಂತೆಗೆ, ಶಾಲೆಗೆ, ಮಠದ ಜಾತ್ರೆಗೆ, ಬೀಗರ ಮನೆಗೆ ಸಂಸಾರವೆಲ್ಲವೂ ಅದರ ಮೇಲೆಯೇ ಹೋಗಿಬರುತ್ತದೆ. ಗಾಲಿಗೆ ಕೀಲೆಣ್ಣೆ ಹಾಕದೆ ಬಂಡಿ ಹೂಡದಿದ್ದ ಹಿರಿಯರ ಎಚ್ಚರವನ್ನು ಈ ಹೊಸ ವಾಹನದ ವಿಷಯದಲ್ಲಿಯೂ ಗೃಹಸ್ಥರು ಪಾಲಿಸಬೇಕೆಂಬುದು ನಮ್ಮ ಆಶಯ. ಅದರಲ್ಲಿಯೂ ಬಹುಜನರು ಲಕ್ಷಿಸದಿರುವ ಒಂದು ಸಂಗತಿಯಿದೆ. ಅದು ಚಕ್ರದ ಸಮತೂಕ.

ಹೊಸ ಟೈರು ನೋಡಲು ದುಂಡಗಿದ್ದರೂ ಅದರ ಸುತ್ತಲೂ ಭಾರವು ಒಂದೇ ಸಮನಾಗಿ ಹಂಚಿರುವುದಿಲ್ಲ. ರಬ್ಬರಿನ ಏರುಪೇರು, ರಿಮ್ಮಿನ ಬೆಸುಗೆ, ಗಾಳಿ ತುಂಬುವ ವಾಲ್ವು ಇವುಗಳಿಂದ ಒಂದು ಕಡೆ ಕೆಲವು ಗ್ರಾಂ ಹೆಚ್ಚಾಗಿರುತ್ತದೆ. ನಿಂತ ಗಾಡಿಯಲ್ಲಿ ಅದು ಗಣನೆಗೆ ಬಾರದು. ಓಡುವಾಗ ಮಾತ್ರ ಅದರ ಪ್ರಭಾವ ತಿಳಿಯುತ್ತದೆ. 17 ಅಂಗುಲದ ರಿಮ್ಮಿನ ಅಂಚಿನಲ್ಲಿ 10 ಗ್ರಾಂ ಹೆಚ್ಚಿದ್ದರೆ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅದು ಸುಮಾರು 700 ಗ್ರಾಂ ತೂಕದಷ್ಟು ಬಲದಿಂದ ಚಕ್ರವನ್ನು ಸೆಳೆಯುತ್ತದೆ. ಈ ಸೆಳೆತ ಸೆಕೆಂಡಿಗೆ ಸುಮಾರು 9 ಸಲ ಸುತ್ತಿ ಬರುತ್ತದೆ. ವೇಗ ಇಮ್ಮಡಿಯಾದರೆ ಸೆಳೆತ ನಾಲ್ಮಡಿಯಾಗುತ್ತದೆ. ಇದರಿಂದ ಹ್ಯಾಂಡಲ್ಲು ನಡುಗುತ್ತದೆ, ಟೈರು ಅಲ್ಲಲ್ಲಿ ಸವೆಯುತ್ತದೆ, ಬೇರಿಂಗಿಗೆ ಪೆಟ್ಟು ಬೀಳುತ್ತದೆ, ಸವಾರನ ಕೈ ಜೋಮು ಹಿಡಿಯುತ್ತದೆ.

ನಮ್ಮ ತಮ್ಮನ ಮಗನು ಹೆಂಡತಿ ಮತ್ತು ಕೂಸಿನೊಡನೆ ದಿನವೂ ಹೆದ್ದಾರಿಯಲ್ಲಿ ಹೋಗಿಬರುವವನು. ಮುಂದಿನ ಗಾಲಿಗೆ ಹೊಸ ಟೈರು ಹಾಕಿಸಿದಂದಿನಿಂದ ಅವನ ಗಾಡಿ ನಡುಗತೊಡಗಿತು. ಅವನು ಅದನ್ನು ಲೆಕ್ಕಿಸಲಿಲ್ಲ. ಸೊಸೆ ಮಾತ್ರ ನಮ್ಮ ಬಳಿ ಬಂದು, “ಮಾವಾರ, ಜೀವ ಕೈಯಾಗ ಹಿಡಕೊಂಡು ಕುಂದರ್ತೀನ್ರಿ, ನೀವಽ ಒಂದು ಮಾತು ಹೇಳ್ರಿ” ಎಂದಳು. ಊರಿನ ಟೈರು ಅಂಗಡಿಯಲ್ಲಿದ್ದ ಯಂತ್ರ ಕಾರಿನ ಗಾಲಿಗೆ ಮಾತ್ರ ಒದಗುವಂಥದು. ಬೈಕಿಗೆ ಅದೆಲ್ಲ ಬೇಕಾಗಿಲ್ಲವೆಂದು ಅಲ್ಲಿಯವರು ಹೇಳಿ ಕಳಿಸಿದ್ದರು. ಕೊನೆಗೆ ನಮ್ಮ ಓಣಿಯ ಹಿರಿಯ ಮೇಸ್ತ್ರಿಯೊಬ್ಬರು ಯಂತ್ರವಿಲ್ಲದೆಯೇ ಆ ಕೆಲಸವನ್ನು ಮಾಡಿಕೊಟ್ಟರು. ನಾವು ಪಕ್ಕದಲ್ಲಿಯೇ ಕುಳಿತು ಆದ್ಯಂತವಾಗಿ ನೋಡಿದೆವು.

ಅವರು ಗಾಲಿಯನ್ನು ಕಳಚಿ, ಅದರ ಅಚ್ಚಿನ ಎರಡು ತುದಿಗಳನ್ನು ಸಮಮಟ್ಟದ ಎರಡು ಕಟ್ಟಿಗೆಯ ದಿಮ್ಮಿಗಳ ಮೇಲಿಟ್ಟು, ಮೆಲ್ಲನೆ ತಿರುಗಿಸಿ ಬಿಟ್ಟರು. ಗಾಲಿ ತೂಗಾಡಿ ತೂಗಾಡಿ ನಿಂತಿತು. ಕೆಳಗೆ ಬಂದ ಜಾಗಕ್ಕೆ ಸುಣ್ಣದ ಕಡ್ಡಿಯಿಂದ ಗುರುತು ಹಾಕಿದರು. ಮೂರು ಸಲ ತಿರುಗಿಸಿದರೂ ಅದೇ ಗುರುತು ಕೆಳಗೆ ಬಂದಿತು. “ಭಾರ ಇದ್ದದ್ದು ತಾನಽ ಕೆಳಗ ಬರ್ತೈತ್ರಿ ಅಜ್ಜಾರ, ಅದರ ಎದುರಿಗೆ ಹಚ್ಚೂದಷ್ಟಽ ನಮ್ಮ ಕೆಲಸ” ಎಂದರು. ನೇರ ಎದುರಿಗೆ ರಿಮ್ಮನ್ನು ಒರೆಸಿ, 5 ಗ್ರಾಮಿನ ಅಂಟು ಬಿಲ್ಲೆಗಳನ್ನು ಒಂದೊಂದಾಗಿ ಹಚ್ಚುತ್ತ ಹೋದರು. ಐದನೆಯ ಬಿಲ್ಲೆಗೆ ಗಾಲಿ ಎಲ್ಲಿ ಬಿಟ್ಟರೆ ಅಲ್ಲಿಯೇ ನಿಂತಿತು. ಚಕ್ರವೂ ಒಂದು ತಕ್ಕಡಿಯೇ ಎಂಬುದು ನಮಗೆ ಅಂದು ಕಣ್ಣಾರೆ ತಿಳಿಯಿತು. ಬೈಕಿನ ಗಾಲಿ ಅಗಲ ಕಡಿಮೆಯಾದುದರಿಂದ ಸಾಮಾನ್ಯವಾಗಿ ಈ ನಿಂತ ತೂಕವೇ ಸಾಕಾಗುತ್ತದೆ.

ಬೇರೆ ಉಪಾಯಗಳೂ ಉಂಟು. ಕಡ್ಡಿಗಾಲಿಯಾದರೆ ಬೆಸುಗೆಯ ಸೀಸದ ತಂತಿಯನ್ನು ರಿಮ್ಮಿನ ಹತ್ತಿರ ಕಡ್ಡಿಗೆ ಬಿಗಿಯಾಗಿ ಸುತ್ತುವುದು ಹಳೆಯ ಪದ್ಧತಿ. ಸೀಸವು ವಿಷವಾದುದರಿಂದ ಮುಟ್ಟಿದ ಕೈ ತೊಳೆಯಬೇಕು, ಮಕ್ಕಳಿಗೆ ಸಿಗದಂತೆ ಇಡಬೇಕು. ಸತು ಅಥವಾ ಉಕ್ಕಿನ ತೂಕಗಳು ಲೇಸು. ಟೈರಿನೊಳಗೆ ಗಾಜಿನ ಇಲ್ಲವೆ ಪಿಂಗಾಣಿಯ ಸಣ್ಣ ಮಣಿಗಳನ್ನು 30ರಿಂದ 60 ಗ್ರಾಮಿನಷ್ಟು ಹಾಕುವುದು ಇನ್ನೊಂದು ವಿಧಾನ. ವೇಗವು ಒಂದು ಮಟ್ಟವನ್ನು ಮೀರಿದಾಗ ಅವು ಹಗುರಾದ ಕಡೆಗೆ ತಾವೇ ಸರಿದು ನಿಲ್ಲುತ್ತವೆ ಎಂಬುದು ಅದರ ತತ್ತ್ವ. ಟೈರು ಸವೆದಂತೆ ಅವೂ ಜಾಗ ಬದಲಿಸುತ್ತವೆ ಎಂಬುದು ಅದರ ಗುಣವೆಂದು ಹೇಳುತ್ತಾರೆ. ಆದರೆ ಒಳಗೆ ತೇವ ಸೇರಿದರೆ ಮಣಿಗಳು ಗಂಟುಕಟ್ಟುತ್ತವೆ, ವಾಲ್ವಿಗೆ ಸಿಕ್ಕಿಕೊಂಡು ಗಾಳಿ ಸೋರುವುದೂ ಉಂಟು. ದ್ರವವನ್ನು ತುಂಬುವವರೂ ಇದ್ದಾರೆ.

ಇವುಗಳಲ್ಲಿ ಯಾವುದನ್ನು ಆರಿಸಬೇಕೆಂದು ಕೇಳಿದರೆ, ಕಣ್ಣಿಗೆ ಕಾಣುವ ಮೊದಲ ವಿಧಾನಕ್ಕೇ ನಮ್ಮ ಒಪ್ಪಿಗೆ. ಒಳಗೆ ಹಾಕಿದ ಮಣಿ ಸರಿಯಾದ ಜಾಗದಲ್ಲಿ ನಿಂತಿತೋ ಇಲ್ಲವೋ ಎಂಬುದನ್ನು ಗಾಲಿ ಕಳಚಿ ಪರೀಕ್ಷಿಸಲು ಬಾರದು. ಬಿಲ್ಲೆ ಹಚ್ಚಿದ ಗಾಲಿಯಾದರೋ ಎಷ್ಟು ಸಲ ಬೇಕಾದರೂ ತಿರುಗಿಸಿ ನೋಡಬಹುದು. ಹೆಂಡಿರು ಮಕ್ಕಳು ಕೂಡುವ ವಾಹನದಲ್ಲಿ ನಂಬಿಕೆಗಿಂತ ಪರೀಕ್ಷೆ ಮೇಲು. ಹನ್ನೆರಡನೆಯ ಶತಮಾನದ ಶರಣರಲ್ಲಿ ಹಗ್ಗ ಹೊಸೆಯುವ ನುಲಿಯ ಚಂದಯ್ಯನವರೂ ಬಿದಿರಿನ ಕೆಲಸದ ಮೇದರ ಕೇತಯ್ಯನವರೂ ಇದ್ದರು. ಕೈಕೆಲಸವನ್ನು ಕಾಯಕವೆಂದು ಎತ್ತಿಹಿಡಿದ ಪರಂಪರೆ ನಮ್ಮದು. ಎಣ್ಣೆಗೈಯ ಮೇಸ್ತ್ರಿಯ ತಾಳ್ಮೆಯನ್ನೂ ಅದೇ ಗೌರವದಿಂದ ಕಾಣುವುದು ನಮಗೆ ಉಚಿತ.

ನಡುಕಕ್ಕೆಲ್ಲ ಸಮತೂಕವೊಂದೇ ಕಾರಣವಲ್ಲವೆಂಬುದನ್ನೂ ಬಂಧುಗಳು ನೆನಪಿಡಬೇಕು. ಮೊದಲು ಗಾಳಿಯ ಒತ್ತಡ, ಟೈರು ರಿಮ್ಮಿನಲ್ಲಿ ಸರಿಯಾಗಿ ಕುಳಿತಿರುವುದು, ರಿಮ್ಮಿನ ಓರೆ, ಕಡ್ಡಿಗಳ ಬಿಗಿ, ಬೇರಿಂಗು ಇವನ್ನು ನೋಡಿಸಬೇಕು. ಕೆಲವು ಟೈರುಗಳ ಪಕ್ಕೆಯಲ್ಲಿ ಹಗುರಾದ ಜಾಗಕ್ಕೆ ಹಳದಿ ಚುಕ್ಕೆಯಿರುತ್ತದೆ; ಅದನ್ನು ವಾಲ್ವಿನ ನೇರಕ್ಕೆ ಕೂಡಿಸಿದರೆ ಹಚ್ಚುವ ತೂಕ ಕಡಿಮೆಯಾದೀತು. ಬಿಚ್ಚಿದ ಅಚ್ಚನ್ನೂ ಬ್ರೇಕನ್ನೂ ಬಲ್ಲವರೇ ಮರಳಿ ಬಿಗಿಯಬೇಕು. ಹುಡುಗನ ಗಾಡಿಯ ನಡುಕ 25 ಗ್ರಾಮಿಗೆ ನಿಂತಿತು. ಟೈರು ಬದಲಿಸಿದಾಗಲೆಲ್ಲ ಒಂದರ್ಧ ತಾಸು ಇದಕ್ಕೆ ಮೀಸಲಿಡಬೇಕೆಂದು ಪ್ರತಿ ಮನೆಯ ಹಿರಿಯರೂ ತಮ್ಮ ಮಕ್ಕಳಿಗೆ ತಿಳಿಹೇಳಲಿ.